ಸ್ಯಾಕ್ಸೊಫೋನಿಗೆ ನಾಲ್ಕು ದನಿ

ಸುಲ್ತಾನ್ ಬತ್ತೇರಿಯಿಂದ ಬಾವಲಿಯವರೆಗೆ ಚುನಾವಣೆಯ ಜೀಪಿನಲ್ಲಿ ಮೈಕು ಹಿಡಿದು ಕೂಗಿದವರಲ್ಲಿ ನನ್ನಷ್ಟು ದನಿಗಳಿದ್ದವನು ಇನ್ನೊಬ್ಬನಿಲ್ಲ. ಇದನ್ನು ನಾನೇ ಹೇಳಬೇಕು, ಬೇರೆಯವರು ಹೇಳುವುದಿಲ್ಲ. ಬೆಳಿಗ್ಗೆ ಒಂದು ಪಕ್ಷಕ್ಕೆ, ಮಧ್ಯಾಹ್ನ ಅದರ ಎದುರು ಪಕ್ಷಕ್ಕೆ. ಪೇಟೆಯಲ್ಲಿ ಮಲಯಾಳ, ಕಾಡಂಚಿನ ಹಾಡಿಗಳಲ್ಲಿ ಕನ್ನಡ. ಮೊದಲನೆಯವರಿಗೆ ಗಂಟಲಿನ ಆಳದಿಂದ, ಮಾತಿಗೊಮ್ಮೆ ನಿಲ್ಲಿಸಿ. ಎರಡನೆಯವರಿಗೆ ಮದುವೆಗೆ ಕರೆಯುವ ಹಾಗೆ ಸಿಹಿಯಾಗಿ. ಪಕ್ಷೇತರರಿಬ್ಬರಿಗೆ ಎರಡು ಬಗೆಯ ಮೂಗಿನ ದನಿ. ಈಗ ವಯಸ್ಸು ಎಪ್ಪತ್ತೈದು. ಹಲ್ಲು ಹೋಗಿವೆ, ದನಿಗಳು ಹೋಗಿಲ್ಲ.

ಅವನ್ನು ಕೊನೆಯ ಸಲ ಬಳಸಿದ್ದು ಜಾಝ್ ಸಂಗೀತಕ್ಕಾಗಿ.

ನಮ್ಮ ಕಡೆಯ ಚಿಕ್ಕ ರೇಡಿಯೋ ನಿಲಯದಲ್ಲಿ ಶನಿವಾರ ಸಂಜೆ ನಾಲ್ಕಕ್ಕೆ ಅರ್ಧ ಗಂಟೆ ಜಾಝ್ ಬರುತ್ತಿತ್ತು. ನಡೆಸುವವಳು ಪಕ್ಕದ ತೋಟದ ಜೈನರ ಮನೆಯ ಹುಡುಗಿ. ಮೈಸೂರಿನಲ್ಲಿ ಓದುವಾಗ ಈ ಹುಚ್ಚು ಹತ್ತಿಸಿಕೊಂಡವಳು. ಜಾಝ್ ಎಂದರೆ ನನಗೆ ತಿಳಿದದ್ದು ಇಷ್ಟು: ಬ್ಯಾಂಡ್ ಸೆಟ್ಟಿನವರೆಲ್ಲ ಒಟ್ಟಿಗೆ ಹೊರಟು, ದಾರಿಯಲ್ಲಿ ಒಬ್ಬೊಬ್ಬನೂ ತನಗೆ ತೋಚಿದ ಕಡೆ ತಿರುಗಿ, ಊಟದ ಹೊತ್ತಿಗೆ ಸರಿಯಾಗಿ ಮನೆ ಸೇರುವುದು. ಅದು ಮುಗಿದ ಮೇಲೆ ರಾಜ್ಯ ರಾಜಕೀಯದ ಚರ್ಚೆ. ಚರ್ಚೆಗೆ ಫೋನು ಬಿಡುವಿಲ್ಲದೆ ಬರುತ್ತಿತ್ತು. ಜಾಝಿಗೆ ಒಂದೂ ಇಲ್ಲ.

ಒಂದು ದಿನ ಅವಳು ನಮ್ಮ ಜಗಲಿಗೆ ಬಂದು ಕೂತಳು. ನನ್ನ ಹೆಂಡತಿ ಹಲಸಿನ ತೊಳೆ ಬಿಡಿಸುತ್ತಿದ್ದಳು.

"ಅಜ್ಜ, ಈ ತಿಂಗಳೂ ಯಾರೂ ಫೋನ್ ಮಾಡದಿದ್ರೆ ನನ್ ಅರ್ಧ ಗಂಟೆನೂ ಚರ್ಚೆಗೆ ಕೊಡ್ತಾರಂತೆ. ನಿಲಯದ ಸಾರ್ ಹೇಳಿಯಾಯ್ತು."

"ಅಷ್ಟೇನಾ ಮೋಳೆ." ಮಗಳೇ ಎನ್ನಲು ನನಗೆ ಮಲಯಾಳವೇ ಬಾಯಿಗೆ ಬರುತ್ತದೆ. " ಕೇಳೋರನ್ನ ನಾನ್ ತರ್ತೀನಿ."

ಹೆಂಡತಿ ತಲೆ ಎತ್ತಲಿಲ್ಲ. "ಇವ್ರ ಮಾತು ನಂಬಬೇಡ ಮಗಾ. ಇವ್ರು ಜನ ಸೇರಿಸಿದ ಸಭೆ ಒಂದೂ ನೆಟ್ಟಗೆ ಮುಗ್ದಿಲ್ಲ."

ಶನಿವಾರ ಬಂತು. ಹೆಂಡತಿಯ ಫೋನು, ಚಾಯ ಅಂಗಡಿಯವನ ಫೋನು, ಮೆಣಸು ಕೊಯ್ಯಲು ಬಂದ ಇಬ್ಬರ ಫೋನು. ನಾಲ್ಕು ಊರಿನ ನಾಲ್ವರಾಗಿ ಮಾತಾಡಿದೆ. ನಾಲ್ವರಿಗೂ ಸ್ಯಾಕ್ಸೊಫೋನೇ ಬೇಕು. ಹೊಸ ದನಿ ಕಟ್ಟುವ ಕಷ್ಟ ಯಾಕೆಂದು ಹಳೆಯ ಜೀಪಿನ ದನಿಗಳನ್ನೇ ತೆಗೆದಿದ್ದೆ. ಎಡವಿದ್ದು ಅಲ್ಲೇ.

ಮುಂದಿನ ವಾರ ನೂಲ್ಪುಳದಿಂದ ನಿಜವಾದ ಫೋನು ಬಂತು. "ಹೋದ ವಾರ ಸ್ಯಾಕ್ಸೊಫೋನ್ ಕೇಳಿದ್ನಲ್ಲ, ಅವ್ನು ಆ ಪಾರ್ಟಿಯವ್ನು. ಆ ದನಿ ನಂಗೆ ಗೊತ್ತು. ನಮ್ಮ ಪಾರ್ಟಿಯೋರಿಗೆ ಡ್ರಮ್ ಹಾಕಿ."

ಅದಕ್ಕೆ ಎದುರು ಪಕ್ಷದವನೊಬ್ಬ ಉತ್ತರ ಕೊಟ್ಟ. ಅವನಿಗೆ ಇನ್ನೊಬ್ಬ. ಮೂರನೇ ಶನಿವಾರ ಹುಡುಗಿಗೆ ಫೋನು ಕೆಳಗಿಡಲು ಆಗಲಿಲ್ಲವಂತೆ. "ಆನೆ ಗದ್ದೆಗಿಳಿದಾಗ ಈ ಸ್ಯಾಕ್ಸೊಫೋನಿನೋರು ಎಲ್ಲಿದ್ರು" ಎಂದು ಒಬ್ಬ ಕೇಳಿದ. ರೇಡಿಯೋದ ಮುಂದೆ ಕೂತು ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಲಯದ ಸಾರಿಗೆ ಖುಷಿಯೋ ಖುಷಿ. ಇನ್ನು ಹಾಡು ಒಂದೊಂದು ನಿಮಿಷ ಸಾಕು, ನಡುವೆ ಪೂರ್ತಿ ಜನರ ಮಾತು ಇರಲಿ ಎಂದು ಹುಕುಂ ಮಾಡಿದರು.

ಮರುದಿನ ಹುಡುಗಿ ಬಂದಳು. ಕೂರಲಿಲ್ಲ.

"ಅದು ನೀವೇ ತಾನೇ ಅಜ್ಜ."

"ಯಾವ್ದು?"

"ನಾಲ್ಕೂ."

ನಾನು ಮೀಸೆ ತಿರುವಿದೆ.

"ಚರ್ಚೆಗೆ ಕೊಟ್ಟಿದ್ರೂ ಇದೇ ಆಗ್ತಿತ್ತು. ಆಗ ಜಗಳಕ್ಕೆ ನನ್ ಹೆಸರಾದ್ರೂ ಇರ್ತಿರಲಿಲ್ಲ. ಒಂದು ಪಾಟ್ಟು, ಒಂದೇ ಒಂದು ಹಾಡು, ಪೂರ್ತಿ ಹಾಕಕ್ಕಾಗ್ತಿಲ್ಲ ನಂಗೆ."

ಅವಳು ಹೋದ ಮೇಲೆ ಹೆಂಡತಿ ಹೇಳಿದಳು: "ಕೂಗಿದ ಬಾಯಲ್ಲೇ ಒಪ್ಪಿಕೊಳ್ಳಿ."

ನಾಲ್ಕನೇ ಶನಿವಾರ ನನ್ನ ಫೋನಿನಿಂದ, ನನ್ನ ದನಿಯಲ್ಲಿ ಕರೆದೆ. ಐವತ್ತು ವರ್ಷದಲ್ಲಿ ಮೈಕಿಗೆ ಆ ದನಿ ಕೊಟ್ಟವನಲ್ಲ; ಅದು ಇಷ್ಟು ಸಣ್ಣಗಿದೆ ಎಂದು ಗೊತ್ತಿರಲಿಲ್ಲ. "ಆ ನಾಲ್ಕು ಜನಾನೂ ನಾನೇ. ಈ ಪಾಟ್ಟಲ್ಲಿ ಯಾವ ಪಾರ್ಟಿನೂ ಇಲ್ಲ. ಫೋನ್ ಇಟ್ಟು ಕೇಳಿ" ಎಂದೆ. ಅವಳು ಹತ್ತು ನಿಮಿಷದ ಒಂದು ಹಾಡನ್ನು ಪೂರ್ತಿ ಹಾಕಿದಳು.

ಆಮೇಲೆ ಬಂದದ್ದು ಎರಡೇ ಫೋನು. ಮೊದಲನೆಯವನು, "ಆ ಮುದುಕ ಬತ್ತೇರಿ ಪೇಟೇಲಿ ಸಿಕ್ಲಿ" ಎಂದ. ಎರಡನೆಯವನು ಬಾವಲಿಯ ಫಾರೆಸ್ಟ್ ವಾಚರ್. "ನಡುವೆ ಡ್ರಮ್ ಒಂದೇ ಬಾರಿಸಿದ್ರಲ್ಲ, ಅದನ್ನ ಬರೋ ವಾರನೂ ಹಾಕ್ತೀರಾ" ಎಂದು ಕೇಳಿದ.

ಆ ಬಾವಲಿಯವನೂ ನಾನೇ ಎಂದು ಸಾರ್ ಇಂದಿಗೂ ನಂಬಿದ್ದಾರೆ. ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಈ ಕಾರ್ಯಕ್ರಮದಲ್ಲಿ ಯಾರು ಯಾರೆಂದೇ ತಿಳಿಯುವುದಿಲ್ಲ, ಇದಕ್ಕೆ ಫೋನೇ ಬೇಡ ಎಂದರು. ಹದಿನೈದು ನಿಮಿಷ ಚರ್ಚೆಗೆ ಹೋಯಿತು, ಹದಿನೈದು ಅವಳಿಗೆ ಉಳಿಯಿತು. ಅವಳು ಎದುರಾಡದೆ ಒಪ್ಪಿದಳು. ಫೋನೇ ಇಲ್ಲದ ಮೇಲೆ, ಫೋನು ಬರುತ್ತಿಲ್ಲ, ಕೇಳುವವರಿಲ್ಲ ಎಂದು ಯಾರೂ ಹೇಳಲಾರರಲ್ಲ.

ಈಗ ಶನಿವಾರ ನಾಲ್ಕಕ್ಕೆ ನಾನು ರೇಡಿಯೋದ ಪಕ್ಕ ಕೂತು ಕೇಳುತ್ತೇನೆ. ಹದಿನೈದು ನಿಮಿಷ ಬಾಯಿ ಬಿಡುವುದಿಲ್ಲ. ಈ ಜಿಲ್ಲೆಯಲ್ಲಿ ಅಂಥದ್ದನ್ನು ಕಣ್ಣಾರೆ ಕಂಡವಳು ನನ್ನ ಹೆಂಡತಿ ಒಬ್ಬಳೇ.