ಮೂರನೆಯ ಕಪ್ಪಿನ ತನಕ

ಫೋನು ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈ ಹಿಟ್ಟಾಗಿದ್ದರಿಂದ ಫೋನನ್ನು ಮೊಣಕೈಯಿಂದ ಒತ್ತಿದೆ. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಅಕ್ಕೋರು ತಮ್ಮ ಊರಿನಲ್ಲಿ ಕಾಯಿಲೆಯಿಂದ ತೀರಿಕೊಂಡರು ಎಂದು ಅವರ ದೇಶದ ವಿದ್ಯಾರ್ಥಿಯೊಬ್ಬ ಹೇಳಿದ. ಕೇಳಿದ ಕೂಡಲೆ ಕಣ್ಣಿಗೆ ಕಟ್ಟಿದ್ದು ಅವರ ಹಣೆ. ನಡುಹಣೆಯ ಮೇಲೆ ಹಸಿರು ಹಚ್ಚೆಯ ಶಿಲುಬೆ. ವಿಜಯಪುರದ ಕಡೆಯ ನಮ್ಮಜ್ಜಿಯ ಹಣೆಯಲ್ಲೂ ಅದೇ ಹಸಿರಿನ ಬೊಟ್ಟಿತ್ತು.

ಅವರು ಇಥಿಯೋಪಿಯಾದವರು. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಸಂಶೋಧನೆಗೆಂದು ಪುಣೆಗೆ ಬಂದು, ಐದು ವರ್ಷ ನಮ್ಮ ಮೇಲಿನ ಮನೆಯಲ್ಲಿದ್ದರು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಅನ್ನುವುದು ರೂಢಿ, ನಾನೂ ಹಾಗೇ ಕರೆದೆ. ಮರಾಠಿಯನ್ನು ಅವರು ತರಕಾರಿ ಮಂಡಿಯಲ್ಲಿ ಕಲಿತರು, ಕನ್ನಡವನ್ನು ನನ್ನ ಅಡುಗೆಮನೆಯಲ್ಲಿ.

ಬಂದ ವಾರವೇ ಅವರ ಬಾಗಿಲ ಸಂದಿಯಿಂದ ಹೊಗೆ ಬರುವುದು ಕಂಡು ಬಕೆಟ್ ನೀರು ಹಿಡಿದು ಓಡಿದ್ದೆ. ನೋಡಿದರೆ ನೆಲದ ಮೇಲೆ ಕೂತು ಹಸಿ ಕಾಫಿಬೀಜ ಹುರಿಯುತ್ತಿದ್ದಾರೆ, ಪಕ್ಕದಲ್ಲಿ ಧೂಪ. ಬಾಣಲೆಯನ್ನು ನನ್ನ ಮುಂದೆ ಹಿಡಿದು, ನಾವು ಆರತಿ ತಗೊಳ್ಳುವ ಹಾಗೆ ಹೊಗೆ ತಗೊಳ್ಳಲು ಸನ್ನೆ ಮಾಡಿದರು. ಅವರಲ್ಲಿ ಒಬ್ಬರೇ ಕಾಫಿ ಕುಡಿಯುವುದಿಲ್ಲ, ನೆರೆಯವರನ್ನು ಕರೆಯುತ್ತಾರೆ. ಒಂದೇ ಪುಡಿಯನ್ನು ಮೂರು ಸಲ ಕುದಿಸಿ ಮೂರು ಸಲ ಕೊಡುತ್ತಾರೆ. ಮೂರನೆಯದು ಆಶೀರ್ವಾದದ ಕಪ್ಪು. ಅದಕ್ಕೆ ಮೊದಲು ಏಳಬಾರದು. ಬುಧವಾರ, ಶುಕ್ರವಾರ ಹಾಲು ಕೂಡ ಮುಟ್ಟದ ಉಪವಾಸ ಅವರದು, ನನ್ನದು ಗುರುವಾರ. ಮೇಲೆ ಎಂಥವರು ಬರುತ್ತಾರೋ ಎಂದು ಹೆದರಿದ್ದವಳಿಗೆ ದೇವರು ವ್ರತದವರನ್ನೇ ಕಳಿಸಿದ್ದ.

ಭಾನುವಾರ ಅವರ ದೇಶದ ಏಳೆಂಟು ವಿದ್ಯಾರ್ಥಿಗಳು ಬರುತ್ತಿದ್ದರು. ಒಂದು ಮೂಲೆಯಲ್ಲಿ ನಾನು. ಆಗ ಅವರ ದೇಶದ ಉತ್ತರದಲ್ಲಿ ಯುದ್ಧ ಶುರುವಾಯಿತು, ಹೊರಗಿನವರ ಜೊತೆಗಲ್ಲ, ಒಳಗಿನವರ ನಡುವೆಯೇ. ಆದರೂ ಎಲ್ಲರೂ ಬಂದು ಪರೀಕ್ಷೆ, ಮಳೆ, ಮನೆ ಬಾಡಿಗೆ ಅಂತ ಮಾತಾಡಿ ಹೋಗುತ್ತಿದ್ದರು. ನನಗೋ ತಿಳಿಯುವ ಚಪಲ. ನಾವು ಸೊಲ್ಲಾಪುರದ ಗಾಡಿ ಹತ್ತಿದರೆ ದೌಂಡ ಸ್ಟೇಷನ್ ಬರುವುದರೊಳಗೆ ಎದುರು ಕೂತವರ ಊರು, ಭಾಷೆ, ಜಾತಿ ಎಲ್ಲ ಕೇಳಿ ಮುಗಿಸಿರುತ್ತೇವೆ. ಅದೇ ಸಲಿಗೆಯಲ್ಲಿ, ನಿಮ್ಮಲ್ಲಿ ಯಾರು ಯಾವ ಕಡೆಯವರು ಎಂದು ಕೇಳಿಬಿಟ್ಟೆ.

ಅಕ್ಕೋರು ತುಂಬುತ್ತಿದ್ದ ಕಪ್ಪನ್ನು ಕೆಳಗಿಟ್ಟರು. ಆಮೇಲೆ ಒಬ್ಬ ತನ್ನ ಜನಾಂಗದ ಹೆಸರು ಹೇಳಿದ. ಇನ್ನೊಬ್ಬ ತನ್ನದನ್ನು ಅದಕ್ಕಿಂತ ಜೋರಾಗಿ ಹೇಳಿದ. ಅವರ ಭಾಷೆಯಲ್ಲಿ ಮಾತು ಬಿಸಿಯಾಯಿತು. ಮೊದಲ ಕಪ್ಪಿಗೇ ಇಬ್ಬರು ಎದ್ದು ಹೋದರು.

ಕೆಳಗೆ ಬಂದು ಹೇಳಿದರೆ ನಮ್ಮ ಮನೆಯವರು ಸಿಟ್ಟಾದರು. "ಕಂಡವರ ಉಸಾಬರಿ ನಿನಗ್ಯಾಕ ಬೇಕಿತ್ತ? ಅಲ್ಲಿ ಬೆಂಕಿ ಹತ್ತ್ಯದ, ನೀ ಎಣ್ಣಿ ಹಿಡ್ಕೊಂಡು ಹ್ವಾದಿ."

ಮರುದಿನ ತಪ್ಪಾಯಿತೆಂದು ಹೇಳಲು ಹೋದೆ. ಅಕ್ಕೋರು ಬೈಯಲಿಲ್ಲ. ಟ್ರಂಕಿನಿಂದ ತಮ್ಮ ಹಳೆಯ ಗುರುತಿನ ಚೀಟಿ ತೆಗೆದು ತೋರಿಸಿದರು. ಹೆಸರಿನ ಜೊತೆ ಯಾವ ಜನಾಂಗ ಎಂದೂ ಅದರಲ್ಲಿ ಬರೆದಿತ್ತು. ತಂದೆಯದು ಒಂದು ಜನಾಂಗ, ತಾಯಿಯದು ಇನ್ನೊಂದು. ಬರೆಸುವುದು ಮಾತ್ರ ಒಂದನ್ನೇ. ಇವರು ತಂದೆಯದನ್ನು ಬರೆಸಿದರು, ಇವರ ತಮ್ಮ ತಾಯಿಯದನ್ನು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಚೀಟಿಯಲ್ಲಿ ಬೇರೆ ಬೇರೆ. ಯುದ್ಧ ಶುರುವಾದ ಮೇಲೆ ತಮ್ಮನ ಫೋನು ಹತ್ತುತ್ತಿರಲಿಲ್ಲ. ಲೈನು ಇಲ್ಲವೋ, ಮನಸ್ಸಿಲ್ಲವೋ ಅವರಿಗೂ ತಿಳಿಯದು.

"ನಿಮ್ಮ ದೇಶ ಒಡದ ಹೋಗ್ತದೇನ್ರಿ, ಅಕ್ಕೋರ?"

"ಗೊತ್ತಿಲ್ಲ," ಎಂದರು. "ದೇಶ ನನ್ನ ಕೈಯಾಗ ಇಲ್ಲ. ಭಾನುವಾರ ಮಾತ್ರ ನನ್ನ ಕೈಯಾಗ ಅದ. ನೀವು ನನ್ನ ಸಂಗಾಟ ಬರ್ರಿ."

ಆ ಭಾನುವಾರ ಕಾಫಿಯ ಮಣ್ಣಿನ ಹೂಜಿ, ಬೀಜ, ಸಣ್ಣ ಗ್ಯಾಸ್ ಒಲೆ ಎಲ್ಲ ರಿಕ್ಷಾದಲ್ಲಿ ಹೇರಿಕೊಂಡು, ಎದ್ದುಹೋದ ಆ ಇಬ್ಬರು ಇರುವ ಕೊಂಢವಾ ಬಡಾವಣೆಯ ರೂಮಿಗೆ ಹೋದೆವು. ಬಾಗಿಲು ಬಡಿದರೆ ತೆಗೆಯಲಿಲ್ಲ. ಅಕ್ಕೋರು ಮೆಟ್ಟಿಲ ಮೇಲೇ ಕೂತು ಒಲೆ ಹಚ್ಚಿ ಬೀಜ ಹುರಿದರು. ಕೆಳಮನೆಯ ಮರಾಠಿ ಹೆಂಗಸು ಓಡಿ ಬಂದು ಏನು ಸುಡುತ್ತಿದೆ ಎಂದು ಗದರಿದಳು. ಅವಳನ್ನೇ ಕೂಡಿಸಿ ಮೊದಲ ಕಪ್ಪು ಕೊಟ್ಟರು. ಎರಡನೆಯದು ಕುದಿಯುವಾಗ ಬಾಗಿಲು ತೆರೆಯಿತು. ಒಬ್ಬ ಬಂದು ಕೂತು, ಮೂರನೆಯ ಕಪ್ಪಿನ ತನಕ ಕುಡಿದ. ಇನ್ನೊಬ್ಬ ಹೊರಗೆ ಬರಲೇ ಇಲ್ಲ. ಅವನ ಕಪ್ಪನ್ನು ಹೊಸ್ತಿಲ ಬಳಿ ಇಟ್ಟು ಪ್ರತಿಸಲವೂ ತುಂಬಿದರು, ಆರಿದ್ದನ್ನು ಚೆಲ್ಲಿದರು, ತೊಳೆದು ಬುಟ್ಟಿಯಲ್ಲಿಟ್ಟರು. ಬರುವ ವಾರಕ್ಕೆ ಬೇಕಾಗುತ್ತದೆ ಎಂದರು.

ಅವನು ಬರುವ ವಾರವೂ ಬರಲಿಲ್ಲ. ಅಕ್ಕೋರು ಓದು ಮುಗಿಸಿ ಊರಿಗೆ ಹೋಗುವವರೆಗೂ ಬರಲಿಲ್ಲ. ಕರೆಯುವುದನ್ನು ಅವರು ಬಿಡಲಿಲ್ಲ. ನನ್ನ ಕೇಳುವ ಚಟ ಇನ್ನೂ ಹೋಗಿಲ್ಲ, ಆದರೆ ಮೊದಲು ಕೂಡಿಸಬೇಕು, ಕೇಳುವುದು ಆಮೇಲಿನ ಮಾತು ಎಂಬುದನ್ನು ಅವರಿಂದ ಕಲಿತೆ.

ಇವತ್ತು ಫೋನು ಮಾಡಿದ್ದು ಅಂದು ಬಾಗಿಲು ತೆರೆದವನು. ಸತ್ತವರಿಗಾಗಿ ಎಲ್ಲರೂ ಒಂದು ಮನೆಯಲ್ಲಿ ಕೂಡುವುದು ಅವರ ಪದ್ಧತಿಯಂತೆ. ಅಕ್ಕೋರನ್ನು ಬಲ್ಲವರು ಪುಣೆಯಲ್ಲಿ ಇನ್ನೂ ಆರು ಜನ ಇದ್ದಾರೆ. ಆದರೆ ಇವನ ರೂಮಿಗೆ ಅವರಲ್ಲಿ ಕೆಲವರು ಬರುವುದಿಲ್ಲ, ಅವರ ರೂಮಿಗೆ ಇವನು ಹೋಗುವುದಿಲ್ಲ. ಎಲ್ಲಿ ಕೂಡಬೇಕೋ ತಿಳಿಯುತ್ತಿಲ್ಲ ಎಂದ.

ನಮ್ಮ ಮನೆಗೆ ಬನ್ನಿ ಎಂದೆ.

ಅವತ್ತು ಹೊರಗೆ ಬಾರದಿದ್ದವನಿಗೂ ಹೇಳಲೇ ಎಂದ. ಅವನಿಗೇ ಮೊದಲು ಹೇಳು ಎಂದೆ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ ಆಂಟಿ, ಹೇಳುತ್ತೇನೆ ಎಂದು ಫೋನಿಟ್ಟ.

ನಮ್ಮ ಮನೆಯವರು ಪೇಪರು ಮಡಚಿದರು. "ಎಷ್ಟ ಮಂದಿ?"

"ಆರೋ ಏಳೋ."

"ಅವರ ಕಾಫಿ ಮಾಡಾಕ ಬರ್ತದೇನ ನಿನಗ?"

"ಐದು ವರ್ಷ ಮತ್ತೇನ ನೋಡ್ಕೋತ ಕೂತಿದ್ದೆ?"

ಅಷ್ಟರಲ್ಲಿ ನಳಕ್ಕೆ ನೀರು ಬಂತು. ಎದ್ದು ಕೈ ತೊಳೆದು, ಬರುವವರಿಗೂ ಸಾಲಲಿ ಎಂದು ಡ್ರಮ್ಮಿಗೆ ಪೈಪು ಹಾಕಿದೆ.