ಘೇಂಡಾಮೃಗದ ನಾಲ್ಕಾಣೆ

ತೊಕ್ಕೊಟ್ಟಿನ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಘೇಂಡಾಮೃಗದ ಚಿತ್ರವಿದ್ದ ಹಳೆಯ ನಾಲ್ಕಾಣೆಯೊಂದು ಸಿಕ್ಕಿತು. ಸುಮ್ಮನೆ ಕಿಸೆಗೆ ಹಾಕಿಕೊಳ್ಳುವುದು ಬಿಟ್ಟು ನಾನೇ ಬಾಯಿ ಬಿಟ್ಟೆ: "ಇದಕ್ಕೆಲ್ಲ ಈಗ ಒಳ್ಳೆ ರೇಟು ಉಂಟಂತೆ ಮಾರಾಯ್ರೆ."

"ಹೌದಾ? ಹಾಗಾದ್ರೆ ವಾಪಸ್ ಕೊಡಿ," ಎಂದು ಅವನು ಕೈ ಚಾಚಿದ.

ನನ್ನ ಪಕ್ಕದಲ್ಲಿ ವಯಸ್ಸಾದ ಕೊಂಕಣಿ ಬಾಯಮ್ಮ ಒಬ್ಬರು ಕೂತಿದ್ದರು. ತಮ್ಮ ಮನೆ ಗೇಟಿನ ಹತ್ತಿರ ನಿಲ್ಲಿಸು ಎಂದದ್ದಕ್ಕೆ, ಅಲ್ಲಿ ಸ್ಟಾಪ್ ಇಲ್ಲ ಎಂದು ಆಗಷ್ಟೇ ಅವನಿಂದ ಬೈಸಿಕೊಂಡಿದ್ದರು. "ನಾನೂ ಒಮ್ಮೆ ನೋಡ್ತೇನೆ ಪುತಾ," ಎಂದು ಮಗನನ್ನು ಕರೆಯುವ ಹಾಗೆ ಕರೆದು, ನನ್ನ ಕೈಯಿಂದ ನಾಣ್ಯ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ, "ಅಯ್ಯೋ ದೇವರೇ, ಹೊರಗೆ ಬಿತ್ತು!" ಎಂದು ಕೂಗಿದರು.

ಹತ್ತುವವನ ಒಂದು ಕಾಲು ಇನ್ನೂ ರಸ್ತೆಯಲ್ಲಿದ್ದರೂ ಕಾಯದ ಬಸ್ಸು ಒಂದೇ ವಿಸಿಲಿಗೆ ನಿಂತಿತು. ಕಂಡಕ್ಟರ್ ಹಾರಿ ಇಳಿದು ಚರಂಡಿಯ ಹುಲ್ಲಿನಲ್ಲಿ ಹುಡುಕತೊಡಗಿದ. ಡ್ರೈವರೂ ಇಳಿದ. ಹಿಂದಿನ ಬಸ್ಸು ಹಾರ್ನ್ ಹಾಕುತ್ತ ನಮ್ಮನ್ನು ದಾಟಿ ಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ.

ಬಾಯಮ್ಮ ನಿಧಾನವಾಗಿ ಇಳಿದು, ಎದುರಿಗೇ ಇದ್ದ ತಮ್ಮ ಗೇಟು ತೆರೆದರು. ಆಮೇಲೆ ತಿರುಗಿ, ಕಿಟಕಿಯಲ್ಲಿದ್ದ ನನಗೊಬ್ಬನಿಗೆ ಕಾಣುವ ಹಾಗೆ ಮುಷ್ಟಿ ಬಿಡಿಸಿದರು. ಒಳಗೆ ಘೇಂಡಾಮೃಗ ಆರಾಮವಾಗಿ ನಿಂತಿತ್ತು.

"ನಾಳೆಯೂ ಇಲ್ಲೇ ಇಳಿಯಲಿಕ್ಕೆ ಉಂಟಲ್ಲ ಪುತಾ," ಎಂದರು.