ವಿಮಲತ್ತೆ ಬಿಟ್ಟ ಕಾಫಿ

ಕೊತ್ತಂಬರಿ ಬೀಜವನ್ನು ಸಣ್ಣ ಉರಿಯಲ್ಲಿ ಹುರಿಯುವಾಗ ಮೊದಲು ಬರುವುದು ಒಣಹುಲ್ಲಿನಂಥ ವಾಸನೆ. ಆಮೇಲೆ ಬೀಜ ಕೆಂಪಗಾಗಿ ಚಿಟಚಿಟ ಅನ್ನುವ ಹೊತ್ತಿಗೆ ಕಿತ್ತಳೆ ಸಿಪ್ಪೆ ಸುಲಿದಂಥ ಘಮವೊಂದು ಏಳುತ್ತದೆ. ಸಾರಿನ ಪುಡಿಗೆಂದು ಯಾರ ಮನೆಯಲ್ಲಿ ಹುರಿದರೂ ಸರಿ, ಆ ಘಮ ಮೂಗಿಗೆ ತಾಗಿತೆಂದರೆ ನಾನು ಹೊಳೆನರಸೀಪುರದ ಅಜ್ಜಿಯ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತುಬಿಟ್ಟಿರುತ್ತೇನೆ. ಅಪ್ಪನಿಗೆ ಅರಕಲಗೂಡಿನ ಕಡೆ ಊರೂರು ಸುತ್ತುವ ಕೆಲಸ. ಹಾಗಾಗಿ ಓದಲೆಂದು ನನ್ನನ್ನು ಅಜ್ಜಿ ತಾತನ ಜೊತೆ ಬಿಟ್ಟಿದ್ದರು. ತೊಂಬತ್ತರ ದಶಕದ ಮೊದಲ ವರ್ಷಗಳು. ಹೊಗೆ ಹಿಡಿದು ಕಪ್ಪಾದ ತೊಲೆಗಳು, ಹಿತ್ತಲ ಬಾಗಿಲಿನಿಂದ ಹೊಳೆಯ ಕಡೆಯ ತಂಗಾಳಿ, ಗೂಡಿನಲ್ಲಿ ಹಿತ್ತಾಳೆಯ ಕಾಫಿ ಫಿಲ್ಟರು. ಆ ಮನೆಯಲ್ಲಿ ದೇವರ ದೀಪಕ್ಕೂ ಮುಂಚೆ ಡಿಕಾಕ್ಷನ್ ಇಳಿಯುತ್ತಿತ್ತು. ಅಂಥ ಮನೆಯಲ್ಲಿ ಫಿಲ್ಟರು ತಿಂಗಳುಗಟ್ಟಲೆ ಬೋರಲು ಬಿದ್ದುಕೊಂಡಿದ್ದ ಕಾಲವೊಂದಿತ್ತು. ಅದು ವಿಮಲತ್ತೆ ಬಸುರಿಯಾಗಿ ಬಂದಿದ್ದ ಕಾಲ.

ವಿಮಲತ್ತೆ ಅಪ್ಪನ ತಂಗಿ. ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ಹಿರೀಸಾವೆಯ ಶಾಲೆಯಲ್ಲಿ ಟೀಚರಾಗಿದ್ದಳು. ದಿನಾ ಬಸ್ಸಿನಲ್ಲಿ ಹೋಗಿಬರುವುದು. ಬೆಳಿಗ್ಗೆ ಬಸ್ಸಿಳಿದವಳೇ ಜೊತೆಯ ಟೀಚರುಗಳೊಂದಿಗೆ ರಸ್ತೆಬದಿಯ ಹೋಟೆಲಿನಲ್ಲಿ ಒಂದು ಕಾಫಿ ಕುಡಿದು ಶಾಲೆಗೆ ಹೋಗುತ್ತಿದ್ದಳು. ಅವಳ ದಿನದಲ್ಲಿ ಅವಳದೇ ಅನ್ನಬಹುದಾದ ಗಳಿಗೆ ಅದೊಂದೇ ಇದ್ದಿರಬೇಕು. ಎರಡು ಸಲ ಗರ್ಭಿಣಿಯಾಗಿದ್ದಳು. ಎರಡು ಸಲವೂ ಅರ್ಧ ದಾರಿಯಲ್ಲೇ ಮಗು ಹೋಗಿತ್ತು. ಎರಡನೆಯದು ಹೋದಾಗ ಅವಳ ಅತ್ತೆ, ಚನ್ನರಾಯಪಟ್ಟಣದ ಆ ಹಿರಿಯಾಕೆ, ಬಂದವರ ಮುಂದೆಲ್ಲ ಹೇಳಿದ್ದರಂತೆ: "ಹೋಟ್ಲಲ್ಲಿ ಗಂಡಸರ ಹಾಗೆ ನಿಂತ್ಕೊಂಡು ಬಿಸಿಬಿಸಿ ಕಾಫಿ ಸುರ್ಕೊಂಡೂ ಸುರ್ಕೊಂಡೂ ಒಳಗಿರೋ ಕೂಸನ್ನ ಸುಟ್ಟುಹಾಕಿದ್ಲು." ಕೆಟ್ಟ ಹೆಂಗಸೇನಲ್ಲ ಆಕೆ. ಮೊಮ್ಮಗುವಿಗಾಗಿ ಹಂಬಲಿಸಿ, ದುಃಖವನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಸೊಸೆಯ ತಲೆಯ ಮೇಲೆ ಇಳಿಸಿದ್ದರು, ಅಷ್ಟೆ. ಆದರೆ ಇಳಿಸಿದ ಭಾರ ಮಾತ್ರ ಅಲ್ಲೇ ಉಳಿಯಿತು.

ಮೂರನೆಯ ಸಲ ಗರ್ಭ ನಿಂತಾಗ ಅಜ್ಜಿ ತಾನೇ ಹೋಗಿ ಮಗಳನ್ನು ಕರೆತಂದಳು. ರಜೆ ಹಾಕಿಸಿ, ಹಾಸನದ ಲೇಡಿ ಡಾಕ್ಟರಿಗೆ ತೋರಿಸಿದರು. ನನಗೂ ಶಾಲೆಯಿರಲಿಲ್ಲ, ಜೊತೆಗೆ ಹೋಗಿದ್ದೆ. ಬಿಳಿ ಕೂದಲಿನ, ನಿಧಾನದ ಮಾತಿನ ಡಾಕ್ಟರು. ಎಲ್ಲ ನೋಡಿ ಮುಗಿಸಿದ ಮೇಲೆ ಅತ್ತೆ ತಲೆ ತಗ್ಗಿಸಿಕೊಂಡೇ ಕೇಳಿದಳು, "ಡಾಕ್ಟ್ರೇ, ನಾನು ಕಾಫಿ ಕುಡೀತಿದ್ದೆ. ಅದಕ್ಕೇ ಹಾಗಾಯ್ತಾ?" ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದಕ್ಕೇ ಅಂತ ಯಾರೂ ಹೇಳಕ್ಕಾಗಲ್ಲಮ್ಮ. ಇಂಥದಕ್ಕೆ ನೂರೆಂಟು ಕಾರಣ ಇರತ್ತೆ. ಎಷ್ಟೋ ಸಲ ನಮಗೇ ಗೊತ್ತಾಗಲ್ಲ. ಈಗ ಕಾಫಿ ಕಮ್ಮಿ ಮಾಡು, ಬೆಳಿಗ್ಗೆ ಒಂದು ಸಣ್ಣ ಲೋಟ ಕುಡಿದ್ರೆ ಪರವಾಗಿಲ್ಲ. ಬದಲಿಗೆ ಅಂತ ಟೀ ಹಿಡೀಬೇಡ, ಅದೂ ಅದೇ ಜಾತಿ." ಅಜ್ಜಿ ಮುಂದೆ ಬಾಗಿ, ಮತ್ತೆ ಬಾಯಿಗೆ ಬಿಸಿಬಿಸಿಯಾಗಿ ಏನು ಕೊಡಲಿ ಎಂದಳು. "ಹಾಲು ಕೊಡಿ, ರಾಗಿ ಗಂಜಿ ಕೊಡಿ. ಕೊತ್ತಂಬರಿ ಜೀರಿಗೆ ಅಡುಗೆಗೆ ಹಾಕೋಷ್ಟೇ ಹಾಕಿ ಕಷಾಯ ಮಾಡಿ. ಬಿಸಿಲಿಗೆ ಮಜ್ಜಿಗೆ, ಎಳನೀರು. ಹೆಸರು ಗೊತ್ತಿಲ್ಲದ ಬೇರು ನಾರು ಮಾತ್ರ ಕೊಡಬೇಡಿ."

ಒಂದು ಸಣ್ಣ ಲೋಟ ಎಂದಿದ್ದರು. ಅತ್ತೆ ಅದನ್ನೂ ಮುಟ್ಟಲಿಲ್ಲ. ಒಂದೇ ಏಟಿಗೆ ಬಿಟ್ಟಳು. ಮೊದಲ ವಾರವೆಲ್ಲ ತಲೆನೋವು. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಗೋಡೆ ಕಡೆ ತಿರುಗಿ ನಡುಮನೆಯಲ್ಲಿ ಮಲಗಿರುತ್ತಿದ್ದಳು. "ಒಂದು ಗುಟುಕು ಕುಡಿಯೇ, ಡಾಕ್ಟ್ರೇ ಹೇಳಿದಾರಲ್ಲ" ಎಂದು ಅಜ್ಜಿ ಹೇಳಿದರೆ ಕಣ್ಣು ಮುಚ್ಚಿಕೊಂಡೇ ಬೇಡ ಎಂದು ಕೈಯಾಡಿಸುವಳು. ಮಗಳ ಮೂಗಿಗೆ ವಾಸನೆ ಹೋಗಬಾರದೆಂದು ಅಜ್ಜಿಯೂ ತನ್ನ ಕಾಫಿ ನಿಲ್ಲಿಸಿದಳು. ತಾತ ಮೇಷ್ಟ್ರಾಗಿ ರಿಟೈರಾದವರು. ಎಲ್ಲ ಬಿಟ್ಟಾರು, ಕಾಫಿ ಬಿಡಲಾರರು. ವಾಕಿಂಗ್ ನೆಪದಲ್ಲಿ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಕುಡಿದು, ಹಿತ್ತಲಲ್ಲಿ ಬಾಯಿ ಮುಕ್ಕಳಿಸಿ ಕಳ್ಳರಂತೆ ಒಳಗೆ ಬರುತ್ತಿದ್ದರು. ಮಲಗಿದ್ದಲ್ಲಿಂದಲೇ ಅತ್ತೆ, "ಅಪ್ಪಾ, ಇವತ್ತು ಡಿಕಾಕ್ಷನ್ ಗಟ್ಟಿಯಾಗಿತ್ತಾ?" ಎನ್ನುವಳು. ತಾತ ಮಗುವಿನ ಹಾಗೆ ನಾಚುವರು. ಆ ತಿಂಗಳುಗಳಲ್ಲಿ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅಂಥ ಗಳಿಗೆಗಳಲ್ಲೇ.

ಅಜ್ಜಿಗೆ ಅದೇ ಒಂದು ತಪಸ್ಸಾಯಿತು. ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ ತೆಳ್ಳಗೆ ಗಂಜಿ ಮಾಡಿದಳು. ಅತ್ತೆ ನಾಲ್ಕು ದಿನ ಕುಡಿದಳು, ಐದನೆಯ ದಿನ ವಾಂತಿ. ಬಾದಾಮಿ ಅರೆದು ಹಾಲಿಗೆ ಹಾಕಿದರೆ ಎಣ್ಣೆ ಎಣ್ಣೆ ಎಂದಳು. ಚನ್ನರಾಯಪಟ್ಟಣದಿಂದ ಮಾವ ಮಾಲ್ಟ್ ಪುಡಿಯ ಡಬ್ಬ ತಂದುಕೊಟ್ಟು, ಹೆಂಡತಿಯ ಕಾಲ ಬಳಿ ಸುಮ್ಮನೆ ಕೂತು ಹೋದರು. ಅದನ್ನು ಖಾಲಿ ಮಾಡಿದವಳು ನಾನು. ಹಾಲು ಹಾಕುತ್ತಿದ್ದ ಪುಟ್ಟತಾಯಮ್ಮ ಒಂದು ದಿನ ಸೆರಗಿನಲ್ಲಿ ಯಾವುದೋ ಬೇರು ಕಟ್ಟಿಕೊಂಡು ಬಂದಳು. "ಇದ ಅರ್ದು ಕುಡುಸ್ರವ್ವ, ಕಾಪಿ ಆಸೆ ಅಂಗೇ ಒಂಟೋಯ್ತದೆ" ಎಂದಳು. ಅಜ್ಜಿ ಡಾಕ್ಟರ ಮಾತು ಹೇಳಿದಾಗ, "ಅಂಗಾರೆ ಬ್ಯಾಡ ಬುಡಿ, ಬಸ್ರಿ ಎಂಗ್ಸು" ಎಂದು ಬೇರನ್ನು ಬೇಲಿಯಾಚೆ ಎಸೆದಳು. ಮಾರನೆಯ ದಿನದಿಂದ ಹಾಲಿಗೆ ಒಂದು ತೊಟ್ಟೂ ನೀರು ಸೋಕಿಸದೆ ತಂದಳು. ಕೊನೆಗೆ ಅತ್ತೆಗೆ ಒಗ್ಗಿದ್ದು ಹುರಿದ ಕೊತ್ತಂಬರಿ, ಚೂರು ಜೀರಿಗೆಯ ಪುಡಿ, ಬೆಲ್ಲ, ಹಾಲು ಹಾಕಿ ಕುದಿಸಿದ ಕಷಾಯ. ಅಜ್ಜಿ ಅದನ್ನು ಕಾಫಿ ಲೋಟದಲ್ಲೇ, ಕಾಫಿಯ ಹಾಗೇ ನೊರೆ ಬರುವಂತೆ ಎತ್ತಿ ಎತ್ತಿ ಹೊಯ್ದು ಕೊಡುತ್ತಿದ್ದಳು. ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಅತ್ತೆ ತುಂಬ ಹೊತ್ತು ಹಾಗೇ ಕೂತಿರುವಳು. ಹಿಂದೆ ಮಗು ಹೋಗಿದ್ದ ತಿಂಗಳು ಬಂದಾಗ, ಅವಳು ಬಚ್ಚಲಿಗೆ ಹೋದರೆ ಅಜ್ಜಿ ಬಾಗಿಲ ಹೊರಗೆ ನಿಂತು, ಅವಳು ಹೊರಬರುವವರೆಗೂ ಕಾಯುತ್ತಿದ್ದಳು. ಆ ತಿಂಗಳು ದಾಟಿತು. ಮುಂದಿನದೂ ದಾಟಿತು.

ಹಾಸನದ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸಣ್ಣದು, ಆದರೆ ಗಟ್ಟಿಮುಟ್ಟಾಗಿತ್ತು. ನಾಮಕರಣಕ್ಕೆ ಬೀಗರೆಲ್ಲ ಬಂದರು. ಮೊಮ್ಮಗಳನ್ನು ಎತ್ತಿಕೊಂಡ ಅತ್ತೆಯ ಅತ್ತೆಗೆ ಸಂತೋಷ ತಡೆಯಲಾಗಲಿಲ್ಲ. ಕಣ್ಣೀರು ಒರೆಸಿಕೊಳ್ಳುತ್ತ, ತುಂಬಿದ ಹಜಾರದಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡಿ, ಕಾಫಿ ಬಿಟ್ಲು, ಮಗು ಉಳೀತು. ಮೊದಲೇ ಬಿಟ್ಟಿದ್ರೆ ಇಷ್ಟೊತ್ತಿಗೆ ಮೂರು ಮಕ್ಕಳ ತಾಯಿ ಆಗಿರ್ತಿದ್ಲು." ಅಜ್ಜಿ ಅಡುಗೆಮನೆ ಬಾಗಿಲಲ್ಲಿ ನಿಂತು, "ಡಾಕ್ಟ್ರು ಹಾಗೆ ಹೇಳ್ಲಿಲ್ಲ ಬೀಗಿತ್ತಿ" ಎಂದಳು. ಹೆಂಗಸರು ತೊಟ್ಟಿಲ ಹಾಡು ಶುರುಮಾಡಿದ್ದರು. ಅಜ್ಜಿಯ ಮಾತು ಯಾರಿಗೂ ಕೇಳಲಿಲ್ಲ. ತೊಟ್ಟಿಲ ಪಕ್ಕ ಕೂತಿದ್ದ ವಿಮಲತ್ತೆಯ ಮುಖ ನನಗೆ ಕಾಣುತ್ತಿತ್ತು. ಉಳಿದ ಮಗುವೇ ಉಳಿಯದವರ ಪರವಾಗಿ ತನ್ನ ವಿರುದ್ಧ ಸಾಕ್ಷಿ ಹೇಳಿದಂತಾಗಿತ್ತು ಅವಳಿಗೆ. ಅದನ್ನು ಅರಿಯುವ ವಯಸ್ಸಲ್ಲ ನನ್ನದು; ಆ ಮುಖವನ್ನು ಮಾತ್ರ ಇವತ್ತಿಗೂ ಮರೆತಿಲ್ಲ.

ಬಾಣಂತನ ಮುಗಿಯಿತು. ಮನೆಯಲ್ಲಿ ಫಿಲ್ಟರು ಮತ್ತೆ ಗೂಡಿನಿಂದ ಇಳಿಯಿತು. ಅತ್ತೆ ಮಾತ್ರ ಕಾಫಿ ಮುಟ್ಟಲಿಲ್ಲ, ಆ ವರ್ಷವೂ, ಮುಂದಿನ ಯಾವ ವರ್ಷವೂ. ತಾತ ತೀರಿಕೊಂಡರು. ಮನೆ ಮಾರಿದೆವು, ಆ ಜಾಗದಲ್ಲಿ ಈಗ ಸಾಲಂಗಡಿ. ಹಾಸನಕ್ಕೆ ವರ್ಗವಾಗಿದ್ದ ವಿಮಲತ್ತೆ ಅಜ್ಜಿಯನ್ನು ತನ್ನ ಬಳಿಗೇ ಕರೆದುಕೊಂಡಳು. ಅಜ್ಜಿ ಹಾಸಿಗೆ ಹಿಡಿದಿದ್ದ ದಿನಗಳಲ್ಲೊಂದು ಸಂಜೆ ನಾನೂ ಅಲ್ಲಿದ್ದೆ. ಅತ್ತೆ ಕಾಫಿ ತಂದು ಅವಳ ಬಾಯಿಗೆ ಹಿಡಿದಳು. ಅಜ್ಜಿ ಲೋಟವನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿ, "ನೀನೊಂದು ಗುಟುಕು ಕುಡಿಯೇ ವಿಮಲಾ. ಅದು ನಿನ್ನ ತಪ್ಪಲ್ಲ" ಎಂದಳು. "ಗೊತ್ತಮ್ಮಾ. ಡಾಕ್ಟ್ರ ಮುಂದೆ ನಾನೇ ಕೂತಿದ್ನಲ್ಲ. ಗೊತ್ತಿರೋದು ಬೇರೆ, ಗಂಟಲಲ್ಲಿ ಇಳಿಯೋದು ಬೇರೆ." ಆ ಚಳಿಗಾಲದಲ್ಲಿ ಅಜ್ಜಿ ಹೋದಳು.

ಕೆಲವು ವರ್ಷಗಳ ಮೇಲೆ ನಾನು ಬಸುರಿಯಾದಾಗ ಅತ್ತೆ ನನ್ನನ್ನು ನೋಡಲು ಬಂದಳು. ನಾನು ಹೆದರಿ ಕಾಫಿ ಬಿಟ್ಟಿದ್ದೆ. ಅವಳು ನೇರ ಒಳಗೆ ಹೋಗಿ, ಅಷ್ಟು ವರ್ಷ ಬಾಯಿಗೆ ತಾಗಿಸದ ಕಾಫಿಯನ್ನು ತನ್ನ ಕೈಯಾರೆ ಬೆರೆಸಿ, ಸಣ್ಣ ಲೋಟದಲ್ಲಿ ತಂದು ನನ್ನ ಮುಂದಿಟ್ಟಳು. "ಡಾಕ್ಟ್ರು ಎಷ್ಟು ಅಂತಾರೋ ಅಷ್ಟು ಕುಡಿ. ಮಿಕ್ಕ ಹೊತ್ತಿಗೆ ಕಷಾಯ ನಾನು ಮಾಡ್ಕೊಡ್ತೀನಿ. ನಾಳೆ ಯಾರಾದ್ರೂ ನಿನ್ನ ಬಾಯಿಗೆ ಕೈ ತೋರ್ಸಿ ಮಾತಾಡಿದ್ರೆ, ನನ್ನ ಹತ್ರ ಕಳ್ಸು." ನಾನು ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿದ್ದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ, "ದೊಡ್ಡದು ಇದ್ದಿದ್ರೆ ಈಗ ಕಾಲೇಜು ಮುಗಿಸಿರೋದು" ಎಂದಳು.

ಈಗ ಅವಳೂ ಇಲ್ಲ. ನಿಮ್ಮ ಮನೆಗಳಲ್ಲೂ ಇಂಥ ಮಕ್ಕಳು ಇದ್ದಿರಬಹುದು. ತೊಟ್ಟಿಲಿಗೆ ಬರದವರು, ಹೆಸರಿಲ್ಲದವರು. ವರ್ಷವರ್ಷವೂ ಅವರ ವಯಸ್ಸು ಎಣಿಸುತ್ತಿದ್ದ ಒಬ್ಬ ಹೆಂಗಸು ಹೋದಳು. ಆ ಎರಡು ಕೂಸುಗಳು ಬರಬೇಕಾಗಿತ್ತು ಎಂದು ಬಲ್ಲವರು ಇನ್ನು ಹೆಚ್ಚು ಜನ ಉಳಿದಿಲ್ಲ.